ಮುರಿಯಲೊಲ್ಲದ ಉಕ್ಕಿನ ತಂತಿಯವರ ಸನ್ನಿಧಾನಕ್ಕೆ

ಬಹುಧಾನ್ಯ ಸಂವತ್ಸರದ ಕಾರ್ತಿಕ ಬಹುಳ
ಚನ್ನರಾಯನದುರ್ಗದ ಅಡಿ, ಕೊರಟಗೆರೆ ಸೀಮೆ

ಬೆಂಗಳೂರಿನ ಲೋಹಶಾಸ್ತ್ರದ ಪ್ರಯೋಗಶಾಲೆಯಲ್ಲಿ, ಕಿಟಕಿಯ ಪಕ್ಕದ ವಿದ್ಯುತ್ ಕುಲುಮೆಯೊಳಗೆ ತೂಗಿಕೊಂಡು, ಕಾಲಿಗೆ ಕಬ್ಬಿಣದ ಗುಂಡು ಕಟ್ಟಿಸಿಕೊಂಡು, ಕೆಂಡದ ಕಾವಿನಲ್ಲಿಯೂ ಕುಶಲವಾಗಿರುವ ಘನತೆವೆತ್ತ ಉಕ್ಕಿನ ತಂತಿಯವರಿಗೆ, ಪಟೇಲ್ ತಿಮ್ಮರಾಯಪ್ಪನವರ ಮಗಳು ಗಂಗಲಕ್ಷ್ಮಮ್ಮ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಸಮಾಚಾರಕ್ಕೆ ಬರೆಯಿರಿ ಎಂದು ಕೇಳುವ ಅಗತ್ಯವಿಲ್ಲ, ಏಕೆಂದರೆ ಪ್ರತಿ ಅಂಚೆಯಲ್ಲೂ ನಮಗೆ ಅದೊಂದೇ ಸಮಾಚಾರ ಬರುತ್ತಿದೆ.

ಮಾನ್ಯರೇ,

ಗಂಡನಿಗೆ ಬರೆಯಬೇಕಾದ ಕಾಗದವನ್ನು ಗಂಡನ ಪ್ರಯೋಗಶಾಲೆಯ ತಂತಿಗೆ ಬರೆಯುತ್ತಿರುವ ಹೆಂಗಸಿನ ಬುದ್ಧಿಯ ಬಗ್ಗೆ ತಮಗೆ ಸಂಶಯ ಬರುವುದು ಸಹಜ. ನನ್ನ ಬುದ್ಧಿ ನೆಟ್ಟಗಿದೆ. ಮಧುಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಮಿಡಲ್ ಸ್ಕೂಲು ಮುಗಿಸಿದವಳು ನಾನು. ನಮ್ಮಪ್ಪ ಪಟೇಲಿಕೆ ಮಾಡುವುದು ಬಾಯಲ್ಲಿ. ಅಮಲ್ದಾರರಿಗೆ ಹೋಗುವ ಅರ್ಜಿ, ಬಿನ್ನಹ, ಜ್ಞಾಪನೆಗಳೆಲ್ಲ ನನ್ನ ಕೈಬರಹದಲ್ಲಿ. ಕೆರೆಯ ತೂಬು ಸೋರಿದರೆ ಯಾರಿಗೆ ಬರೆಯಬೇಕು, ಕರಡಿ ಬೆಟ್ಟ ಇಳಿದು ಕಡಲೆಕಾಯಿ ಹೊಲ ಕೆದಕಿದರೆ ಯಾರಿಗೆ ಬರೆಯಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಕೆಲಸ ಯಾರ ಹತ್ತಿರ ಸಿಕ್ಕಿಹಾಕಿಕೊಂಡಿದೆಯೋ ಅವರಿಗೇ ಬರೆಯಬೇಕು, ನಡುವಿನವರಿಗೆ ಬರೆದರೆ ನಡುವಿನಲ್ಲೇ ಉಳಿಯುತ್ತದೆ. ನನ್ನ ಕೆಲಸ ತಮ್ಮ ಹತ್ತಿರ ಸಿಕ್ಕಿಹಾಕಿಕೊಂಡಿದೆ, ಆದ್ದರಿಂದ ತಮಗೆ ಬರೆಯುತ್ತಿದ್ದೇನೆ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವೇನೆಂದರೆ, ಲಕೋಟೆಗೆ ಎಷ್ಟು ಗೋಂದು ಬಳಿದರೂ ನಮ್ಮ ಅಂಚೆಯ ಬೈರಪ್ಪನವರಿಗೆ ಒಳಗಿನ ವಿಷಯ ಹೇಗೋ ತಿಳಿದುಹೋಗುತ್ತದೆ, ಅವರಿಗೆ ತಿಳಿದ ಮೇಲೆ ಅರಳಿಕಟ್ಟೆಗೂ ತಿಳಿಯುತ್ತದೆ. ಹೇಗೂ ಎಲ್ಲರೂ ಓದುವ ಕಾಗದವನ್ನು ಎಲ್ಲರಿಗೂ ಎಂದು ಬರೆದರೆ ಮರ್ಯಾದೆಯಾದರೂ ಉಳಿಯುತ್ತದೆ.

ನನ್ನ ದೂರು ಇಷ್ಟೇ. ನಮ್ಮ ಮದುವೆಯಾದದ್ದು ಈ ವರ್ಷದ ವೈಶಾಖದಲ್ಲಿ. ಬೆಂಗಳೂರಿನ ಒಂದು ಸಂದಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಒಲೆ ಹೂಡಿದೆವು. ಹಾಲು ಉಕ್ಕಿತು, ಅಕ್ಕಪಕ್ಕದವರ ಪರಿಚಯವಾಯಿತು, ಅಷ್ಟರಲ್ಲಿ ಆಷಾಢ ಬಂತು. ಮೊದಲನೇ ಆಷಾಢದಲ್ಲಿ ಹೊಸ ಸೊಸೆ ತವರಿಗೆ ಬರಬೇಕು, ಶ್ರಾವಣ ಹುಟ್ಟಿದ ಮೇಲೆ ಗಂಡ ಬಂದು ಕರೆದುಕೊಂಡು ಹೋಗಬೇಕು, ಕರೆಯದೆ ಅವಳಾಗಿ ಹೊರಡುವಂತಿಲ್ಲ ಎಂಬುದು ನಮ್ಮ ಸೀಮೆಯಲ್ಲಿ ಯಾರೂ ಬರೆದಿಡದೆ ಎಲ್ಲರೂ ಪಾಲಿಸುವ ಕಾನೂನು. ನನ್ನನ್ನು ಬಸ್ಸು ಹತ್ತಿಸಿದ ನಮ್ಮವರು ಕಿಟಕಿಗೆ ಬಾಯಿಟ್ಟು, 'ಕುಲುಮೇಲಿ ತಂತಿ ತೂಗಾಕಿವ್ನಿ ಕಣೇ, ಅದು ಮುರಿಯೋದೇ ತಡ, ಬಂದ್ಬುಡ್ತೀನಿ' ಎಂದರು. (ಅವರ ಹೆಸರನ್ನು ನಾನು ಬರೆಯಕೂಡದು; ಕುಲುಮೆಗೆ ಅಂಟಿಸಿರುವ ಚೀಟಿಯಲ್ಲಿದೆ, ಬಿಡುವಾದಾಗ ನೋಡಿಕೊಳ್ಳಿ.) ಆ ತಂತಿ ತಾವೇ. ಶ್ರಾವಣ ಬಂತು, ಹೋಯಿತು. ಗೌರಮ್ಮ ಬಂದಳು, ಅವಳನ್ನು ಕರೆದೊಯ್ಯಲು ಮಾರನೆಯ ದಿನವೇ ಮಗ ಗಣಪ ಬಂದ. ನವರಾತ್ರಿಯ ಬೊಂಬೆಗಳು ಕೂಡ ಪೆಟ್ಟಿಗೆ ಸೇರಿದವು. ಈಗ ಕಾರ್ತಿಕವೂ ಮುಗಿಯುತ್ತಾ ಬಂದಿದೆ. ಇನ್ನು ಧನುರ್ಮಾಸ ಹೊಕ್ಕಿತೆಂದರೆ ಮನೆಯಿಂದ ಹೆಣ್ಣನ್ನು ಕಳಿಸುವುದಿಲ್ಲ, ಸಂಕ್ರಾಂತಿ ಕಳೆಯಬೇಕು. ಅಷ್ಟು ಹೊತ್ತಿಗೆ ನಾನು ಈ ಊರಿನವರ ಬಾಯಲ್ಲಿ ಗಂಡ ಬಿಟ್ಟವಳಾಗಿ ಹಳಬಳಾಗಿರುತ್ತೇನೆ. ಈಗಲೇ ನೀರಿಗೆ ಹೋದರೆ ಎದುರುಮನೆಯ ಆಂಜಿನಮ್ಮ, 'ಏನೇ ಗಂಗೂ, ಕಾರ್ತೀಕ ಮುಗೀತಾ ಬಂದ್ರೂವೆ ನಿಮ್ಮನೇಲಿ ಆಷಾಡ ಮುಗೀಲಿಲ್ವಾ?' ಎನ್ನುತ್ತಾಳೆ. ಅವಳಿಗೆ ಕೊಡುವ ಉತ್ತರ ನನ್ನ ಹತ್ತಿರ ಇಲ್ಲ, ತಮ್ಮ ಹತ್ತಿರ ಇದೆ.

ತಾವು ಆ ಕುಲುಮೆಗೆ ಹೋಗಿ ಸೇರಿದ್ದು ಹೇಗೆಂಬುದು ತಮಗೆ ಮರೆತಿರಬಹುದು. ಅಷ್ಟು ಕಾವಿನಲ್ಲಿ ಯಾರಿಗಾದರೂ ಮರೆವು ಬರುತ್ತದೆ. ಆದ್ದರಿಂದ ನಾನೇ ನೆನಪಿಸುತ್ತೇನೆ. ತಾವು ಹುಟ್ಟಿದ್ದು ನಮ್ಮ ದುರ್ಗದ ಕೆಳಗೆ, ನಮ್ಮ ಮುತ್ತಜ್ಜನ ಕಾಲದಲ್ಲಿ. ಆಗ ಇಲ್ಲಿ ಕುಲುಮೆಗಳಿದ್ದವಂತೆ, ಇಲ್ಲಿ ಎಳೆದ ಉಕ್ಕಿನ ತಂತಿ ದೂರದೂರದ ವೀಣೆಗಳಿಗೆ ಹೋಗುತ್ತಿತ್ತಂತೆ. ತಮಗೆ ಮಾತ್ರ ವೀಣೆಯ ಯೋಗ ಕೂಡಿಬರಲಿಲ್ಲ. ನಮ್ಮ ನಡುಮನೆಯ ತೊಲೆಗೆ ಸುತ್ತಿಕೊಂಡು ತಲೆತಲಾಂತರದಿಂದ ಕುಂಬಳಕಾಯಿ ಹೊತ್ತಿರಿ. ಒಂದು ಕಾಯಿ ಸಾರಿಗೆ ಹೋದರೆ ಇನ್ನೊಂದು ಬಂದು ತೂಗುತ್ತಿತ್ತು. ತೂಗಿಕೊಂಡು ಸುಮ್ಮನಿರುವ ವಿದ್ಯೆಯಲ್ಲಿ ತಾವು ಅಷ್ಟು ಹಳೆಯ ಅನುಭವಸ್ಥರೆಂದು ಅಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮದುವೆಯಲ್ಲಿ ಅಳಿಯ ಮುನಿಸಿಕೊಳ್ಳುವ ಶಾಸ್ತ್ರ ತಮಗೂ ಗೊತ್ತಿರಬೇಕು, ಮೇಲಿನಿಂದ ಎಷ್ಟೋ ನೋಡಿದ್ದೀರಿ. ಅಳಿಯ ಹಸೆಮಣೆ ಬಿಟ್ಟು ಏಳುವುದಿಲ್ಲ, ಎಲೆ ಮುಟ್ಟುವುದಿಲ್ಲ. ಮಾವ ಬಂದು ಏನು ಬೇಕೆಂದು ಕೇಳಬೇಕು, ಅವನು ಕೇಳಿದ್ದನ್ನು ಕೊಡಬೇಕು. ನಮ್ಮಪ್ಪ ಮನಸ್ಸಿನಲ್ಲಿ ಸೈಕಲ್ಲಿಗೆ ಸಿದ್ಧರಾಗಿ, ಕೈಗಡಿಯಾರದಲ್ಲೇ ಮುಗಿಯಲಿ ಎಂದು ದೇವರನ್ನು ಬೇಡಿಕೊಂಡು ಎದುರು ನಿಂತರು. ನಮ್ಮವರು ತುಟಿ ಬಿಚ್ಚದೆ ಮೇಲಕ್ಕೆ ಬೊಟ್ಟು ಮಾಡಿದರು. ಎಲ್ಲರೂ ತೊಲೆಯ ಕಡೆ ನೋಡಿದರು. ನಮ್ಮಜ್ಜಿ ಹನುಮಕ್ಕ, 'ಅಯ್ಯೋ, ಕುಂಬಳಕಾಯಿ ಬೇಕಂತೆ ಕಣ್ರೋ, ಇಳಿಸ್ರೋ!' ಎಂದು ಕೂಗಿದರು. ಕಾಯಿ ಇಳಿಸಿ, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಳಿಯಂದಿರ ಮಡಿಲಿಗೆ ಇಟ್ಟದ್ದೂ ಆಯಿತು. ಮಡಿಲಲ್ಲಿ ಕುಂಬಳಕಾಯಿ ಹೊತ್ತು ಅವರು ಇನ್ನೂ ಮೇಲಕ್ಕೇ ಬೊಟ್ಟು ಮಾಡುತ್ತಿದ್ದರು. ಕೊನೆಗೆ, ಬೇಕಾದದ್ದು ಕಾಯಿಯಲ್ಲ, ಅದನ್ನು ಕಟ್ಟಿದ್ದ ತಂತಿ ಎಂದು ತಿಳಿದಾಗ ನಮ್ಮಪ್ಪನ ಮುಖದಲ್ಲಿ ಕಂಡ ಆನಂದವನ್ನು ನಾನು ಇಂದಿಗೂ ಮರೆತಿಲ್ಲ. ಇಂಥ ಅಳಿಯ ಏಳು ಜನ್ಮಕ್ಕೂ ಸಿಗಲಿ ಎಂದು ಬೀಗರ ಮುಂದೆಯೇ ಹೇಳಿಬಿಟ್ಟರು. ಪುಕ್ಕಟೆ ಸಿಕ್ಕಿದ ಸಂತೋಷಕ್ಕೆ ಆಮೇಲೆ ಸುಂಕ ಕಟ್ಟಬೇಕಾಗುತ್ತದೆ ಎಂಬುದನ್ನು ಪಟೇಲರಾಗಿದ್ದೂ ಅವರು ಮರೆತಿದ್ದರು, ಆ ಸುಂಕವನ್ನು ಈಗ ನಾನು ಕಟ್ಟುತ್ತಿದ್ದೇನೆ.

ತಮ್ಮನ್ನು ಇಟ್ಟುಕೊಂಡು ನಮ್ಮವರು ಓದುತ್ತಿರುವುದು ಸಾಮಾನ್ಯ ಓದಲ್ಲ, ಬಿ.ಎಸ್ಸಿ. ಮುಗಿಸಿದವರು ಅಲ್ಲಿಗೇ ಸುಮ್ಮನಾಗದೆ ಅದರ ಮೇಲೆ ಓದುವ ಓದು. ಸೇತುವೆಗೆ, ಬಾಯ್ಲರಿಗೆ, ರೈಲಿನ ಅಚ್ಚಿಗೆ ಹಾಕುವ ಲೋಹ ತನ್ನ ಒಳಗೆ ಹೇಗೆ ಕಟ್ಟಿಕೊಂಡಿರುತ್ತದೆ, ಆ ಕಟ್ಟಿನಿಂದ ಅದಕ್ಕೆ ಯಾವ ಗುಣ ಬರುತ್ತದೆ, ಎಷ್ಟು ಎಳೆದರೆ ಹಿಗ್ಗುತ್ತದೆ, ಎಷ್ಟು ಬಾಗಿಸಿದರೆ ಮುರಿಯುತ್ತದೆ ಎಂಬುದೇ ಅದರ ಸಾರ. ಈ ವಿದ್ಯೆಯಲ್ಲಿ ಮೇಲೆ ಹೋದಷ್ಟೂ ಮುರಿಯುವುದು ಹೆಚ್ಚಾಗುತ್ತದೆ ಎಂದು ನಮಗೆ ಗೊತ್ತಾದದ್ದು ಮದುವೆಯಾದ ವಾರದಲ್ಲೇ. ಅಜ್ಜಿಯ ಅಡಕತ್ತರಿಯ ಒಂದು ಮಗ್ಗುಲನ್ನು ಕನ್ನಡಿಯ ಹಾಗೆ ಉಜ್ಜಿ, ಅದಕ್ಕೆ ಬಾಟಲಿಯಿಂದ ಯಾವುದೋ ದ್ರಾವಕ ಹಚ್ಚಿ ಒಳಗಿನ ಹರಳು ನೋಡಿದರು. ಆ ಕತ್ತರಿಯಲ್ಲಿ ಕತ್ತರಿಸಿದ ಅಡಕೆ ಇಂದಿಗೂ ಹುಳಿ ಹೊಡೆಯುತ್ತದೆ. ಈಳಿಗೆಮಣೆಯ ಅಲಗು ಎಷ್ಟು ಬಾಗುತ್ತದೆಂದು ಬಾಗಿಸಿದರು; ಎಷ್ಟು ಬಾಗುತ್ತದೆಂದು ಗೊತ್ತಾಯಿತು, ಅಲಗು ಎರಡಾಯಿತು. ನೇಗಿಲಿನ ಗುಳವನ್ನು ಕೆಂಪಗೆ ಕಾಯಿಸಿ ಬಾನಿಯ ನೀರಿಗೆ ಅದ್ದಿ, ಇನ್ನು ಇದು ಸವೆಯುವುದೇ ಇಲ್ಲ ಎಂದರು. ಸವೆಯಲಿಲ್ಲ ನಿಜ, ಮೊದಲನೇ ಕಲ್ಲಿಗೆ ತಗುಲಿ ತುಂಡಾಯಿತು. ಆಗ ಅವರು ತುಂಡಿನ ಮುಖವನ್ನು ಬಿಸಿಲಿಗೆ ಹಿಡಿದು, 'ಎಂಥಾ ಸೊಗಸಾದ ಮುರಿತ!' ಎಂದು ಹಿಗ್ಗಿದರು. ನಮ್ಮಜ್ಜಿ, 'ಮುರಿಯೋಕೂ ಬೆಂಗ್ಳೂರಿಗೋಗಿ ಓದ್ಬೇಕೇನಪ್ಪಾ? ನಮ್ ಎಮ್ಮೆ ಓದ್ದೇನೇ ಮುರೀತದಲ್ಲ' ಎಂದು ಕೊಟ್ಟಿಗೆಯ ಕಡೆ ನಡೆದರು.

ಇಂಥ ಮನುಷ್ಯರ ಕೈಯಲ್ಲಿ ಸಿಕ್ಕಿದ್ದೆಲ್ಲ ಮುರಿದಿರುವಾಗ, ಮುರಿಯಲೆಂದೇ ತೂಗಿಹಾಕಿದ ತಾವೊಬ್ಬರು ಮಾತ್ರ ಮುರಿಯದೆ ಉಳಿದಿರುವುದನ್ನು ಏನೆಂದು ಹೊಗಳಲಿ!

ತಮ್ಮ ಮೇಲೆ ನನಗೆ ಮೊದಲಿನಿಂದ ಕೋಪವಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಜ್ಯೇಷ್ಠದ ಒಂದು ಭಾನುವಾರ ನಮ್ಮವರು ನನ್ನನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿ, ತಮ್ಮ ತುದಿಯಿಂದ ಒಂದು ಚೂರು ಕತ್ತರಿಸಿ ನಯ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಒಂದು ಕಣ್ಣು ಮುಚ್ಚುವುದು ನನಗೆ ಬರುತ್ತಿರಲಿಲ್ಲ, ಅವರೇ ಅಂಗೈಯಿಂದ ಮುಚ್ಚಿದರು. ನೋಡಿದೆ. ದುರ್ಗದ ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ನಮ್ಮ ಸೀಮೆಯ ಹೊಲಗಳು ಹೇಗೆ ಕಾಣುತ್ತವೋ ಹಾಗೆಯೇ ಇತ್ತು. ಒಂದೊಂದು ಹೊಲ ಒಂದೊಂದು ಆಕಾರ, ನಡುವೆ ಸಣ್ಣ ಬದುಗಳು. ಅವು ಲೋಹದ ಹರಳುಗಳೆಂದೂ, ಚಳಿಯಲ್ಲಿ ಎಳೆದರೆ ಹರಳಿನ ನಡುವೆ ಹರಿಯುತ್ತದೆಂದೂ, ಕಾಯಿಸಿ ಬಹಳ ಕಾಲ ಎಳೆದರೆ ಮಾತ್ರ ಬದುವಿನಲ್ಲೇ ಬಿರುಕು ಬಿಡುತ್ತದೆಂದೂ ಅವರು ಹೇಳಿದರು. 'ನಮ್ಮೂರಲ್ಲೂ ಹಂಗೇ ಅಲ್ವಾ, ಕಾವೇರಿದಾಗ ಜಗಳ ಆಗೋದು ಬದುವಿನ ಮೇಲೇನೇ' ಎಂದೆ. ಅವರು ನಕ್ಕರು ನೋಡಿ! ಹಲ್ಲು ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಮೇಜಿನ ಮೇಲಿದ್ದ ಗಾಜಿನ ಪಾತ್ರೆಯೊಂದನ್ನು ಕೆಡವಿ ಒಡೆದು ನಕ್ಕರು. ಮದುವೆಯಾದದ್ದು ವೈಶಾಖದಲ್ಲಾದರೂ ನನ್ನ ಮನಸ್ಸು ಅವರಿಗೆ ಸೇರಿದ್ದು ಆ ಭಾನುವಾರ. ಅದಕ್ಕೆ ತಾವು ಸಾಕ್ಷಿ. ಸಾಕ್ಷಿಯಾಗಿದ್ದವರೇ ಆಮೇಲೆ ಅಡ್ಡ ಬರುತ್ತೀರೆಂದು ನಾನು ಎಣಿಸಿರಲಿಲ್ಲ.

ಈಗ ಅವರಿಂದ ಬರುವ ಕಾಗದಗಳ ಪಾಡು ಕೇಳಿ. 'ಪ್ರಿಯ ಗಂಗೂ, ತಂತಿ ಚೆನ್ನಾಗಿದೆ' ಎಂದು ಶುರುವಾಗುತ್ತದೆ. ಇಂಗ್ಲೆಂಡ್ ಸೀಮೆಯಿಂದ ಹಡಗಿನಲ್ಲಿ ಬಂದ ತಂತಿಯನ್ನು ಪಕ್ಕದ ಕುಲುಮೆಯಲ್ಲಿ ಅದೇ ಕಾವಿಗೆ, ಅದೇ ಗುಂಡಿಗೆ ಕಟ್ಟಿದರಂತೆ, ಅದು ವಾರ ತಡೆಯಲಿಲ್ಲವಂತೆ. ಇನ್ನೊಂದು ಕಂಪನಿಯದು ಎರಡು ವಾರಕ್ಕೆ ಕೈಚೆಲ್ಲಿತಂತೆ. ತಾವು ಮಾತ್ರ ಕೂದಲೆಳೆಯಷ್ಟು ಹಿಗ್ಗಿ, ಹಿಗ್ಗಿದ್ದೇ ಹೆಚ್ಚಾಯಿತೆಂಬಂತೆ ನಿಂತುಬಿಟ್ಟಿದ್ದೀರಂತೆ. ಹೀಗೆ ಕಾವಿಗೆ ಸಿಕ್ಕಿ ನಿಧಾನವಾಗಿ ಹಿಗ್ಗುವುದಕ್ಕೆ ಆ ವಿದ್ಯೆಯಲ್ಲಿ ತೆವಳುವುದು ಎನ್ನುತ್ತಾರಂತೆ. ಇದನ್ನು ನಾನು ಅಜ್ಜಿಗೆ ಓದಿ ಹೇಳಿದ್ದು ತಪ್ಪಾಯಿತು. 'ಮನೇಲಿ ಮಗು ತೆವಳ್ತದೆ ಅಂತ ನಾನ್ ಕಾಯ್ತಿದ್ರೆ ಅಲ್ಲಿ ತಂತಿ ತೆವಳ್ತಾ ಐತಾ?' ಎಂದು ಅವರು ಎಲೆಯಡಿಕೆ ಚೀಲ ಬಿಸಾಡಿದರು. ಕಾಗದದ ಕೊನೆಯಲ್ಲಿ, ಜಾಗ ಉಳಿದಿದ್ದರೆ, 'ನೀನು ಹೇಗಿದ್ದೀಯೆ?' ಎಂದು ಒಂದು ಸಾಲು ಇರುತ್ತದೆ. ಕಳೆದ ಸಲ ಜಾಗ ಉಳಿದಿರಲಿಲ್ಲ. ನಾನು ಹೇಗಿದ್ದೇನೆಂದರೆ, ತಮಗೆ ಕೊಟ್ಟಿರುವ ಕಾವಿನ ಅರ್ಧದಷ್ಟರಲ್ಲಿ ಇದ್ದೇನೆ.

ತಮ್ಮ ಕೀರ್ತಿ ಊರಿನಲ್ಲಿ ಹಬ್ಬಿರುವ ಪರಿಯನ್ನೂ ಅರಿಕೆ ಮಾಡಿಕೊಳ್ಳುತ್ತೇನೆ. ಅಂಚೆ ಬಂದ ದಿನ ನಮ್ಮಪ್ಪ ಅರಳಿಕಟ್ಟೆಯ ಮೇಲೆ ಕೂತು, 'ಸೀಮೇದು ಮುರ್ಕೊಂಡು ಬಿತ್ತು, ನಮ್ ದುರ್ಗದ್ದು ಅಳ್ಳಾಡ್ಲಿಲ್ಲ!' ಎಂದು ಮೀಸೆ ಮುಟ್ಟಿಕೊಳ್ಳುತ್ತಾರೆ. ಗಂಡಸರೆಲ್ಲ ಆ ಮಾತಿಗೆ ಹಿಗ್ಗಿ ಬೀಡಿ ಹಚ್ಚುತ್ತಾರೆ. ಅಚ್ಚಿನ ಬೆಲ್ಲದ ಗುಣವನ್ನು ಕೂಡ ಎಂದೂ ಆಡದ ಜನ ಈಗ ಬೆಳಗಾದರೆ ಉಕ್ಕಿನ ಗುಣ ಮಾತಾಡುತ್ತಾರೆ. ಮನೆಗೆ ಬಂದು ನನ್ನ ಮುಖ ನೋಡಿದಾಗ ಮಾತ್ರ ಅಪ್ಪನ ಮೀಸೆ ಇಳಿಯುತ್ತದೆ. ತಂತಿ ಮುರಿಯಲಿ ಎಂದರೆ ಊರಿನ ಮಾನ ಹೋಗುತ್ತದೆ, ಮುರಿಯದಿರಲಿ ಎಂದರೆ ಮಗಳ ಬಾಳು ನಿಲ್ಲುತ್ತದೆ; ಪಾಪ, ಅವರದೂ ಎರಡೂ ಕಡೆಯಿಂದ ಎಳೆಸಿಕೊಳ್ಳುವ ಪಾಡೇ ಆಗಿದೆ. ಅಜ್ಜಿ ಊರ ಮಾರಮ್ಮನಿಗೆ, ತಂತಿ ಬೇಗ ತುಂಡಾದರೆ ಸೀರೆ ಉಡಿಸುತ್ತೇನೆಂದು ಹರಕೆ ಕಟ್ಟಿದರು. ಅಪ್ಪ ಅವರಿಗೆ ಗೊತ್ತಾಗದ ಹಾಗೆ ಹೋಗಿ, ದುರ್ಗದ ಹೆಸರು ಉಳಿದರೆ ಸೀರೆ ಉಡಿಸುತ್ತೇನೆಂದು ಕಟ್ಟಿದರು. ಪೂಜಾರಿ ಇಬ್ಬರ ತೆಂಗಿನಕಾಯಿಯನ್ನೂ ಒಡೆದು ಇಬ್ಬರಿಗೂ ಬಲಗಡೆಯ ಹೂವನ್ನೇ ಕೊಟ್ಟಿದ್ದಾನೆ. ಆ ತಾಯಿಗೆ ಹೇಗೂ ಒಂದು ಸೀರೆ ಖಾತರಿ.

ಮೊದಲ ದೀಪಾವಳಿಗೆ ಅಳಿಯ ಬಂದೇ ಬರುತ್ತಾರೆಂದು ನಮ್ಮಮ್ಮ ಹಂಡೆಗೆ ಕೆಮ್ಮಣ್ಣು ಸುಣ್ಣ ಬಳಿದು, ಎಣ್ಣೆ ಕಾಯಿಸಿ, ಹೊಸ ಪಂಚೆಯ ಅಂಚಿಗೆ ಅರಿಶಿನ ಹಚ್ಚಿ ಇಟ್ಟಿದ್ದರು. ಬಂದದ್ದು ಬೈರಪ್ಪನವರು. 'ಅಳಿಯಂದ್ರು ಬರಾಕಾಗಲ್ವಂತೆ ಕಣ್ರವ್ವಾ, ತಂತಿ ಇನ್ನೂ ಗಟ್ಯಾಗೈತಂತೆ' ಎಂದು ಲಕೋಟೆ ಒಡೆಯುವ ಮೊದಲೇ ಹೇಳಿಬಿಟ್ಟರು. ಕಾಯಿಸಿದ ನೀರು ಹಾಳಾಗಬಾರದೆಂದು ಅಮ್ಮ ನನ್ನ ತಲೆಗೇ ಎಣ್ಣೆ ಒತ್ತಿದರು. ಒತ್ತುತ್ತಾ ಒತ್ತುತ್ತಾ ಅವರ ಕೈ ನಿಂತುಹೋಯಿತು. ಸೀಗೆಪುಡಿ ಕಣ್ಣಿಗೆ ಬಿತ್ತೆಂದು ನಾನು ಹೇಳಿದೆ, ಸೀಗೆಪುಡಿಯನ್ನು ಅವರಿನ್ನೂ ಕಲಸಿರಲಿಲ್ಲ. ಮಾನ್ಯರೇ, ಇಷ್ಟು ಹೊತ್ತು ನಗುನಗುತ್ತಾ ಬರೆದೆ, ಇದೊಂದನ್ನು ನಗದೆ ಬರೆಯುತ್ತಿದ್ದೇನೆ. ನನಗೆ ಅವರು ಬೇಕು. ಊರಿನವರ ಬಾಯಿ ಮುಚ್ಚಿಸುವುದಕ್ಕಲ್ಲ, ಆಂಜಿನಮ್ಮನಿಗೆ ಉತ್ತರ ಕೊಡುವುದಕ್ಕೂ ಅಲ್ಲ. ಆ ಸಂದಿಯ ಮನೆಯಲ್ಲಿ ಮುದ್ದೆ ಮುರಿಯುತ್ತಾ ಅವರು ಹೇಳುವ ಅರ್ಥವಾಗದ ಮಾತುಗಳು ಬೇಕು. ಹೊಟ್ಟೆಕಿಚ್ಚು ಪಡುವುದಕ್ಕೆ ಒಂದು ಹೆಣ್ಣಾದರೂ ಇದ್ದಿದ್ದರೆ ಜಡೆ ಹಿಡಿದು ಕೇಳಬಹುದಿತ್ತು. ತಮ್ಮಂಥವರ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಜನ ನಗುತ್ತಾರೆ.

ಆದ್ದರಿಂದ ತಮ್ಮ ಘನತೆಗೆ ಕುಂದು ಬಾರದಂತೆ ಕೆಲವು ಅರಿಕೆಗಳನ್ನು ಮುಂದಿಡುವವಳಿದ್ದೆ. ತಾವು ದಯವಿಟ್ಟು ಮುರಿಯಬೇಕು. ಪೂರ್ತಿ ಮುರಿಯುವುದು ಮರ್ಯಾದೆಗೆ ಕಡಿಮೆ ಎನಿಸಿದರೆ, ಒಂದು ಬದುವಿನಲ್ಲಿ ಸಣ್ಣ ಜಗಳ ಹುಟ್ಟಿಸಿಕೊಂಡು, ತಪ್ಪು ಹರಳಿನದೆಂದು ಹೇಳಿ ಬೇರೆಯಾಗಬಹುದು. ನಮ್ಮೂರಿನ ಅಣ್ಣತಮ್ಮಂದಿರು ಹಾಗೆಯೇ ಮಾಡುವುದು, ಅವರ ಮರ್ಯಾದೆಗೆ ಏನೂ ಆಗಿಲ್ಲ. ಅದೂ ಆಗದಿದ್ದರೆ ಒಂದೇ ಒಂದು ಹಬ್ಬದ ಮಟ್ಟಿಗೆ ಮುರಿದು, ಅವರು ಬಂದು ಹೋದ ಮೇಲೆ ಮತ್ತೆ ಕೂಡಿಕೊಳ್ಳಬಹುದು. ಮುರಿಯುವುದೇ ಇಲ್ಲ, ಹಿಗ್ಗುವುದೊಂದೇ ತಮಗೆ ಬರುವುದು ಎಂದಾದರೆ, ಕೂದಲೆಳೆಯಷ್ಟು ಹಿಗ್ಗುವ ಜುಗ್ಗತನ ಬಿಟ್ಟು ಧಾರಾಳವಾಗಿ ಹಿಗ್ಗಿ, ಕುಲುಮೆಯಿಂದ ಹೊರಬಿದ್ದು, ದಾಬಸ್‌ಪೇಟೆ ಹಾದು, ಕೊರಟಗೆರೆಯ ಮೇಲೆ ನಮ್ಮ ಬಾಗಿಲಿನವರೆಗೆ ಬರಬೇಕು. ತಮ್ಮ ಉದ್ದ ಅಳೆಯುತ್ತಾ ಅಳೆಯುತ್ತಾ ನಮ್ಮವರು ತಲೆ ಎತ್ತದೆ ಹಿಂದೆಯೇ ಬಂದು, ಹೊಸಲು ಎಡವಿದಾಗ ಮಾತ್ರ ಎಲ್ಲಿದ್ದೇನೆಂದು ನೋಡುತ್ತಾರೆ. ಅವರನ್ನು ಇಲ್ಲಿಗೆ ಕರೆತರಲು ನನಗೆ ತಿಳಿದಿರುವ ನೆಟ್ಟಗಿನ ದಾರಿ ಇದೊಂದೇ.

ಇವುಗಳಲ್ಲಿ ಒಂದನ್ನಾದರೂ ನಡೆಸಿಕೊಡಿ ಎಂದು ಬರೆದು ಕಾಗದ ಮುಗಿಸಬೇಕೆಂದಿರುವಾಗ ನಿನ್ನೆ ಅವರದೇ ಇನ್ನೊಂದು ಕಾಗದ ಬಂತು. ಅದು 'ತಂತಿ ಚೆನ್ನಾಗಿದೆ' ಎಂದು ಶುರುವಾಗಲಿಲ್ಲ. 'ಗಂಗೂ, ನನಗೆ ಮೈ ಸರಿಯಿಲ್ಲ' ಎಂದು ಶುರುವಾಯಿತು. ಸರದಿಯ ಮೇಲೆ ತಮ್ಮನ್ನು ನೋಡಿಕೊಳ್ಳುತ್ತಿದ್ದ ಅವರ ಜೊತೆಗಾರನಿಗೆ ಭದ್ರಾವತಿಯಲ್ಲಿ ಕೆಲಸ ಸಿಕ್ಕಿ ಹೊರಟುಹೋಗಿದ್ದಾನೆ. ದುರ್ಬೀನಿನಲ್ಲಿ ತಮ್ಮ ಮೇಲಿನ ಗೆರೆ ನೋಡಿ ಅಂಕೆ ಬರೆದಿಡುವುದು ಹಗಲೂ ರಾತ್ರಿಯೂ ನಡೆಯಬೇಕು, ನಡುವೆ ತಪ್ಪಿದರೆ ಇಷ್ಟು ತಿಂಗಳ ಶ್ರಮ ನೀರಿನಲ್ಲಿ ಹೋಮ ಮಾಡಿದ ಹಾಗೆ, ಪದವಿಯೂ ಹೋಯಿತು. ಆದ್ದರಿಂದ ಅವರೊಬ್ಬರೇ ಕುಲುಮೆಯ ಪಕ್ಕ ಚಾಪೆ ಹಾಸಿಕೊಂಡು ಬಿದ್ದಿದ್ದಾರೆ, ಅಲ್ಲಿಯೇ ಅವಲಕ್ಕಿ ತಿನ್ನುತ್ತಿದ್ದಾರೆ, ಜ್ವರ ಬಂದುಬಿಟ್ಟಿದೆ, ನಿದ್ದೆ ಇಲ್ಲ. 'ನಿನ್ನನ್ನು ಕರೆತರಲು ಬರಬೇಕೆಂದು ದಿನವೂ ಅಂದುಕೊಳ್ಳುತ್ತೇನೆ. ಅಂಕೆ ಓದಿ ಬರೆಯಬಲ್ಲವರು, ನಂಬಬಹುದಾದವರು ಒಬ್ಬರು ಸಿಕ್ಕಿದ್ದರೆ ಬರುತ್ತಿದ್ದೆ. ಯಾರೂ ಸಿಗಲಿಲ್ಲ' ಎಂದು ಬರೆದಿದ್ದಾರೆ.

ಅಯ್ಯೋ ನನ್ನಪ್ಪನೇ! ಓದಿ ಬರೆಯಬಲ್ಲವಳು, ನಂಬಬಹುದಾದವಳು ಇಲ್ಲಿ ಕೂತು ಕರಡಿಯ ಮೇಲೆ ಅರ್ಜಿ ಬರೆಯುತ್ತಿದ್ದಾಳೆ; ಅಷ್ಟು ಓದಿದ ಆ ಮನುಷ್ಯರಿಗೆ ಅದು ಹೊಳೆಯಲಿಲ್ಲ. ಕಬ್ಬಿಣದ ಒಳಗಿನ ಹರಳು ಕಾಣುವ ಕಣ್ಣಿಗೆ ಕಟ್ಟಿಕೊಂಡ ಹೆಂಡತಿ ಕಾಣಲಿಲ್ಲ. ನನಗೆ ಕೋಪವೂ ಬಂತು, ಅಳುವೂ ಬಂತು. ಎರಡನ್ನೂ ಮುಗಿಸಿ ಎದ್ದು ಟ್ರಂಕು ತೆಗೆದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತು, 'ಕರೀದೆ ಓಗೋದಾ? ಜನ ಏನಂತಾರೆ ಕಣಮ್ಮ?' ಎಂದರು. ಅಜ್ಜಿ ಒಳಗಿನಿಂದಲೇ, 'ಲೇ ತಿಮ್ಮರಾಯ, ದಾರಿ ಬುಡ್ಲಾ! ಜ್ವರ ಬಂದು ಮಲಗಿರೋನು ಎದ್ದು ಬಂದು ಕರೀಬೇಕಾ? ಕರೀಲಿಲ್ಲ ಅಂತ ಇವಳು ಇಲ್ಲೇ ಕುಂತಿದ್ರೆ ಜನ ಏನಂತಾರೋ ಅದನ್ನ ಮೊದ್ಲು ಕೇಳು' ಎಂದರು. ಅಪ್ಪ ನನ್ನ ಕೈಯಿಂದ ಟ್ರಂಕನ್ನು ತಾವೇ ತೆಗೆದುಕೊಂಡು ಜಗುಲಿಗೆ ತಂದಿಟ್ಟರು. ಸೋಮವಾರದ ಬಸ್ಸಿಗೆ ಹೊರಡುತ್ತಿದ್ದೇನೆ. ಮೆಣಸಿನ ಸಾರಿಗೆ ಬೇಕಾದದ್ದನ್ನೆಲ್ಲ ಅಮ್ಮ ಕಟ್ಟಿಕೊಟ್ಟಿದ್ದಾರೆ. ಹೆಂಗಸು ಪ್ರಯೋಗಶಾಲೆಯಲ್ಲಿ ಕೂರುವುದಕ್ಕೆ ನಿಯಮದಲ್ಲಿ ಜಾಗವಿದೆಯೋ ಇಲ್ಲವೋ ತಿಳಿಯದು. ಅವರ ಪ್ರೊಫೆಸರಿಗೆ ಪ್ರತ್ಯೇಕ ಅರ್ಜಿಯೊಂದನ್ನು ಬರೆದು ಸೆರಗಿನಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಅರ್ಜಿಗೆ ಇಲ್ಲವೆಂದು ಬರೆದು ಗೆದ್ದ ಅಮಲ್ದಾರರು ಈ ಸೀಮೆಗೆ ಇನ್ನೂ ಬಂದಿಲ್ಲ.

ಆದಕಾರಣ ಮಾನ್ಯರೇ, ಮೇಲೆ ಬರೆದ ಅರಿಕೆಗಳನ್ನೆಲ್ಲ ಹೊಡೆದುಹಾಕಿದ್ದೇನೆಂದು ತಿಳಿಯಬೇಕು. ತಾವು ಮುರಿಯುವ ಅಗತ್ಯವಿಲ್ಲ. ಹಿಗ್ಗುವ ಅವಸರವೂ ಬೇಡ. ಇನ್ನು ಮೇಲೆ ತಮ್ಮ ಗೆರೆ ನೋಡುವ ಕಣ್ಣು ನನ್ನದು, ಅಂಕೆ ಬರೆಯುವ ಕೈ ನನ್ನದು. ಅವರು ಮಲಗಿ ನಿದ್ದೆ ಮಾಡಲಿ. ಜ್ವರ ಬಿಟ್ಟ ಮೇಲೆ ಸರದಿಯ ಮೇಲೆ ನೋಡುತ್ತೇವೆ, ಸರದಿಯ ನಡುವೆ ಒಂದೇ ತಣಿಗೆಯಲ್ಲಿ ಉಣ್ಣುತ್ತೇವೆ, ಅವರು ಅರ್ಥವಾಗದ ಮಾತು ಹೇಳುತ್ತಾರೆ, ನಾನು ಅರ್ಥವಾಗುವವರೆಗೂ ಕೇಳುತ್ತೇನೆ. ತಾವು ಸಂಕ್ರಾಂತಿಯವರೆಗೆ ತೂಗಿದರೂ ಸರಿ, ಬರುವ ಆಷಾಢದವರೆಗೆ ತೂಗಿದರೂ ಸರಿ. ನೂರು ವರ್ಷ ಬಾಳಿ ಎಂದು ಮನಸಾರೆ ಹರಸುತ್ತೇನೆ. ದುರ್ಗದ ಮಾನ ತಮ್ಮ ಕೈಯಲ್ಲಿರಲಿ, ನನ್ನ ಮಾನವನ್ನು ನಾನೇ ಹೊತ್ತು ತರುತ್ತಿದ್ದೇನೆ.

ಸೋಮವಾರದಿಂದ ತಮ್ಮನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಲಿರುವ,
ತಮ್ಮ ವಿಶ್ವಾಸಿ (ಸದ್ಯಕ್ಕೆ),
ಗಂಗಲಕ್ಷ್ಮಮ್ಮ

ಮರೆತ ಮಾತು: ಒಂದು ವಿಷಯದಲ್ಲಿ ಮಾತ್ರ ತಮಗೆ ಕಟ್ಟುನಿಟ್ಟಿನ ಎಚ್ಚರಿಕೆ. ಇಷ್ಟು ತಿಂಗಳು ಹರಕೆ ಕಟ್ಟಿ ಬೇಡಿದರೂ ಮುರಿಯದ ತಾವು, ಸೋಮವಾರ ನಾನು ಹೊಸಲು ದಾಟಿದ ಹೊತ್ತಿಗೇ ಸರಿಯಾಗಿ ಟಣ್ಣೆಂದು ಮುರಿದು ಬೀಳಕೂಡದು. ಬಿದ್ದರೆ, ಶಿರಾದ ನಮ್ಮತ್ತೆ ಓಬಳಮ್ಮನವರು, 'ನೋಡ್ರವ್ವಾ ನಮ್ ಸೊಸೆ ಕಾಲ್ಗುಣಾನ, ಸೀಮೆ ಕುಲುಮೆಗೆ ಬಗ್ಗದಿದ್ದದ್ದು ಇವಳ ಕಾಲಿಗೆ ಬಗ್ತು' ಎಂದು ಜೀವಮಾನವೆಲ್ಲ ಆಡಿಕೊಳ್ಳುತ್ತಾರೆ. ಅದನ್ನಾದರೂ ತಡೆದುಕೊಂಡೇನು. ಆದರೆ ನಮ್ಮವರಿದ್ದಾರಲ್ಲ, ಅವರು ಅದು ನಿಜವೋ ಅಲ್ಲವೋ ನೋಡಿಯೇ ಬಿಡೋಣ ಎಂದು ಇನ್ನೊಂದು ತಂತಿ ತೂಗಿಹಾಕಿ, ನನ್ನನ್ನು ತವರಿಗೆ ಕಳಿಸಿ ಮತ್ತೆ ಕರೆಸುತ್ತಾರೆ.